ಹೊಸ ಪ್ರೊಸೆಸರ್ ಹಾಕಿದ ಮೇಲೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಬೋರ್ಡ್ ಹೋಗಿದೆಯಾ?

ನೀವು ಬರೆದದ್ದು ಇಷ್ಟು. ಬಿ450 ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್) ಇರುವ ಡೆಸ್ಕ್‌ಟಾಪ್. ಅದರಲ್ಲಿದ್ದ ರೈಜನ್ 5 2600 ತೆಗೆದು ರೈಜನ್ 5 5600 ಹಾಕಿದ್ದೀರಿ. ಅದೇ ದಿನ 8 ಜಿಬಿಯ ಇನ್ನೊಂದು ರ‍್ಯಾಮ್ ಸೇರಿಸಿ, 1050 ಟಿಐ ಗ್ರಾಫಿಕ್ಸ್ ಕಾರ್ಡ್ ಜಾಗಕ್ಕೆ ಆರ್‌ಟಿಎಕ್ಸ್ 3060 ಕೂರಿಸಿದ್ದೀರಿ. ಈಗ ಸ್ವಿಚ್ ಒತ್ತಿದರೆ ಫ್ಯಾನ್ ಎಲ್ಲಾ ತಿರುಗುತ್ತವೆ, ಪರದೆಯಲ್ಲಿ ಏನೂ ಬರುವುದಿಲ್ಲ. ಸೋಮವಾರಪೇಟೆಯಿಂದ ಮಳೆಯಲ್ಲಿ ಮಡಿಕೇರಿಗೆ ಹೊತ್ತುಕೊಂಡು ಹೋದರೆ, ಅಂಗಡಿಯವರು ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಎಂದರು.

ದಯವಿಟ್ಟು ಈಗಲೇ ಬೋರ್ಡ್ ತಗೊಳ್ಳಬೇಡಿ. ನೀವು ಬಿಚ್ಚಿಟ್ಟ ಹಳೆಯ ಪ್ರೊಸೆಸರ್, ಹಳೆಯ ಕಾರ್ಡ್ ಇನ್ನೂ ಮನೆಯಲ್ಲಿವೆ ತಾನೆ? ಯಾರಿಗೂ ಮಾರಿಲ್ಲ ಅಲ್ವಾ? ಹಾಗಿದ್ದರೆ ಬೋರ್ಡ್ ಸತ್ತಿದೆಯೋ ಬದುಕಿದೆಯೋ ಎಂದು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಾಧನ ಯಾವ ಅಂಗಡಿಯಲ್ಲೂ ಇಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ವಿರಾಜಪೇಟೆ ಕಡೆ ನನ್ನ ಗೆಳೆಯರ ಕಾಫಿ ತೋಟದ ಆಫೀಸಿನಲ್ಲಿ ಇದೇ ಆಯಿತು. ಕಾಫಿ ಕೊಯ್ಲಿನ ಸಮಯ, ಕೆಲಸದವರ ವಾರದ ಬಟವಾಡೆ ಲೆಕ್ಕವೆಲ್ಲ ಅದೊಂದೇ ಕಂಪ್ಯೂಟರಿನಲ್ಲಿ. ಹೊಸ ಪ್ರೊಸೆಸರ್ ಹಾಕಿದರು, ಪರದೆ ಕಪ್ಪಾಯಿತು. ಅವರಿಗೂ ಬೋರ್ಡ್ ಹೋಗಿದೆ ಎಂದೇ ಹೇಳಿದ್ದರು. ಸಂಜೆ ನಾನು ಹೋಗಿ ಹಳೆಯ ಪ್ರೊಸೆಸರ್ ವಾಪಸ್ ಹಾಕಿದೆ. ಮೊದಲ ಸಲಕ್ಕೇ ವಿಂಡೋಸ್ ಬಂತು. ಬೋರ್ಡಿಗೆ ಏನೂ ಆಗಿರಲಿಲ್ಲ, ಅದರ ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನೊಳಗಿನ ಪ್ರೋಗ್ರಾಂ, ಹಳೆಯದಾಗಿತ್ತು.

ನಿಮ್ಮದೂ ಅದೇ ಎಂದು ನನಗೆ ಬಲವಾದ ಅನುಮಾನ. ಬಿ450 ಬೋರ್ಡ್‌ಗಳು ಬಂದದ್ದು 2018ರಲ್ಲಿ. ರೈಜನ್ 5 5600 ಬಂದದ್ದು 2022ರಲ್ಲಿ. ಪ್ರೊಸೆಸರ್ ಕೂರುವ ಸಾಕೆಟ್ ಎರಡಕ್ಕೂ ಒಂದೇ, ಎಎಂ4. ಹಾಗಾಗಿ ಪ್ರೊಸೆಸರ್ ಸರಿಯಾಗಿಯೇ ಕೂರುತ್ತದೆ. ಆದರೆ ಬೋರ್ಡಿನೊಳಗಿನ ಬಯೋಸ್‌ಗೆ ಈ ಪ್ರೊಸೆಸರ್ ಯಾವುದು ಎಂದೇ ಗೊತ್ತಿರುವುದಿಲ್ಲ. ಫ್ಯಾನ್ ತಿರುಗಲು 12 ವೋಲ್ಟ್ ಸಿಕ್ಕರೆ ಸಾಕು, ಪ್ರೊಸೆಸರ್ ಕೆಲಸ ಮಾಡಬೇಕಾಗಿಲ್ಲ. ಫ್ಯಾನ್ ತಿರುಗುವುದನ್ನು ನೋಡಿ ಎಲ್ಲ ಸರಿ ಇದೆ ಎಂದೋ, ಪರದೆ ಕಪ್ಪಾದದ್ದು ನೋಡಿ ಬೋರ್ಡ್ ಹೋಯಿತು ಎಂದೋ ತೀರ್ಮಾನ ಮಾಡಲು ಆಗುವುದಿಲ್ಲ.

ಹೀಗೆ ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಉಳಿದ ಕರೆಂಟ್ ಹೋಗಲಿ. ಪ್ರೊಸೆಸರ್ ಮೇಲಿನ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ. ಎಎಂ4 ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಹಿಡಿದುಕೊಂಡರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತವೆ. ತೆಗೆದ ಮೇಲೆ ಹಳೆಯ 2600, ಹಳೆಯ ಕಾರ್ಡ್, ಹಳೆಯ ರ‍್ಯಾಮ್ ಒಂದೇ ಒಂದು, ಇಷ್ಟು ಮಾತ್ರ ಹಾಕಿ. 4 ಸ್ಲಾಟ್ ಇದ್ದರೆ ರ‍್ಯಾಮ್ ಅನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ 2ನೆಯದಕ್ಕೆ ಹಾಕಿ.

ರ‍್ಯಾಮ್ ಹಾಕುವ ಮುಂಚೆ ಒಂದು ನಿಮಿಷ ಅದನ್ನು ಕೈಯಲ್ಲಿ ಹಿಡಿದು ನೋಡಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಇದು ಬೇರೆ ಊರಿಗಿಂತ ಜಾಸ್ತಿ ಮುಖ್ಯ. ಗೋಡೆಯೇ ಬೆವರುವ ತಿಂಗಳುಗಳಲ್ಲಿ ಚಿನ್ನದ ಬಣ್ಣದ ಆ ಪಟ್ಟಿಗಳ ಮೇಲೆ ತೆಳುವಾದ ಮಸುಕು ಕೂರುತ್ತದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ಹೊಳೆಯುವ ಪಟ್ಟಿಗಳ ನಡುವೆ ಒಂದೆರಡು ಮಾತ್ರ ಮಂಕಾಗಿರುತ್ತವೆ. ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ಕೊಡವಿ. ಆಮೇಲೆ ಸ್ಲಾಟಿನಲ್ಲಿ ಎರಡೂ ತುದಿಗೆ ಸಮವಾಗಿ ಒತ್ತಿ, ಟಕ್ ಎಂದು ಲಾಕ್ ಬೀಳಬೇಕು. ಒಂದು ಕಡೆ ಮಾತ್ರ ಬಿದ್ದರೆ ಅದು ಕೂತಿಲ್ಲ.

ಇನ್ನು ಮೂರು ತಪ್ಪುಗಳು ತುಂಬಾ ಜನ ಮಾಡುತ್ತಾರೆ, ಒಮ್ಮೆ ಕಣ್ಣಾಡಿಸಿ. ಪ್ರೊಸೆಸರ್ ಪಕ್ಕದ ಮೂಲೆಯಲ್ಲಿ ಕೂರುವ 8 ಪಿನ್ ವೈರ್ ಸಿಕ್ಕಿಸಿದ್ದೀರಾ? ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿನಲ್ಲೇ ಇದೆಯಾ? 2600ರಲ್ಲಾಗಲಿ 5600ರಲ್ಲಾಗಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಎಷ್ಟು ಹೊತ್ತು ಕಾದರೂ ಏನೂ ಬರದು. ಮೂರನೆಯದು 3060ಕ್ಕೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬರುವ ಪವರ್ ಕೇಬಲ್. ನಿಮ್ಮ 1050 ಟಿಐ 75 ವ್ಯಾಟ್‌ನ ಕಾರ್ಡ್. ಅಂಥ ಬಹಳಷ್ಟು ಕಾರ್ಡ್‌ಗಳಿಗೆ ಸ್ಲಾಟಿನಿಂದಲೇ ಕರೆಂಟ್ ಸಾಕಾಗುತ್ತದೆ, ಬೇರೆ ಕೇಬಲ್ ಬೇಕಾಗುವುದಿಲ್ಲ. 3060 ಎಳೆಯುವುದು 170 ವ್ಯಾಟ್. ಅದಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ನಿಮ್ಮದು 450 ಇದ್ದರೆ ಆ ಖರ್ಚಿಗೂ ತಯಾರಿರಿ. ಬೋರ್ಡಿಗೆ ಹಾಕಬೇಕೆಂದಿದ್ದ ಹಣ ಅಲ್ಲಿಗೆ ಹೋದರೆ ಕೆಲಸಕ್ಕೆ ಬರುತ್ತದೆ.

ಹಳೆಯ ಭಾಗಗಳಲ್ಲಿ ಪರದೆ ಬಂತು ಎಂದುಕೊಳ್ಳೋಣ. ವಿಂಡೋಸ್‌ನಲ್ಲಿ 'ಎಂಎಸ್‌ಇನ್‌ಫೋ32' (msinfo32) ತೆರೆದರೆ ಬಯೋಸ್ ಎಷ್ಟನೆಯದು ಎಂದು ಸಿಗುತ್ತದೆ. ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಪುಟಕ್ಕೆ ಹೋದರೆ ಯಾವ ಪ್ರೊಸೆಸರಿಗೆ ಯಾವ ಬಯೋಸ್‌ನಿಂದ ಮೇಲೆ ಬೇಕು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ 5600 ಹುಡುಕಿ. ಕೆಲವು ಬೋರ್ಡ್‌ಗಳಲ್ಲಿ ನಡುವಿನ ಒಂದು ಬಯೋಸ್ ಮೊದಲು ಹಾಕಿಕೊಂಡೇ ಮುಂದೆ ಹೋಗಬೇಕು, ಆ ಸೂಚನೆಯನ್ನು ಬಿಡದೆ ಓದಿ. ಫೈಲನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ ಬಯೋಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಜುಲೈನಲ್ಲಿ ನಮ್ಮ ಕಡೆ ಯಾವ ಮರ ಯಾವಾಗ ಲೈನ್ ಮೇಲೆ ಬೀಳುತ್ತದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಇಲ್ಲಿಯವರೆಗೆ ಚೆನ್ನಾಗಿದ್ದ ಬೋರ್ಡ್ ಆಗ ನಿಜವಾಗಿಯೂ ಹಾಳಾಗಬಹುದು. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಮೊದಲು ಪ್ಲಗ್ ಕಿತ್ತು 10 ನಿಮಿಷ ನಡೆಸಿ ನೋಡಿ. ಇಲ್ಲದಿದ್ದರೆ ಒಳ್ಳೆಯ ಯುಪಿಎಸ್ ಇರುವ ಪರಿಚಯದವರ ಮನೆಗೆ ಒಯ್ಯಿರಿ. ಮಳೆ ಬಿಡುವ ತನಕ ಕಾದರೂ ನಷ್ಟವಿಲ್ಲ, ಹಳೆಯ ಪ್ರೊಸೆಸರಿನಲ್ಲಿ ಕೆಲಸ ನಡೆಯುತ್ತಿರುತ್ತದೆ.

ಪ್ರೊಸೆಸರ್ ಬದಲಿಸುವ ಮುಂಚೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಪ್ರೊಸೆಸರ್ ಕಂಡಾಗ ಎಫ್‌ಟಿಪಿಎಂ (ಆ ಬೀಗದ ಕೀ ಇಟ್ಟುಕೊಳ್ಳುವ ಪ್ರೊಸೆಸರಿನ ಭಾಗ) ರೀಸೆಟ್ ಮಾಡಲೇ ಎಂದು ಬೋರ್ಡ್ ಕೇಳಬಹುದು. ಕೀ ಇಲ್ಲದೆ ಒಪ್ಪಿದರೆ ನಿಮ್ಮ ಫೈಲ್‌ಗಳ ಬಾಗಿಲು ಮುಚ್ಚಿಹೋಗುತ್ತದೆ. ಬಯೋಸ್ ಬಂದು ವಿಂಡೋಸ್ ಮಾತ್ರ ಬರದಿದ್ದರೂ ಗಾಬರಿಯಾಗಬೇಡಿ. ಅಪ್‌ಡೇಟ್ ಆದಾಗ ಸೆಟ್ಟಿಂಗ್ ಎಲ್ಲಾ ಅಳಿದು ಮೊದಲಿನಂತಾಗುತ್ತದೆ. ಬೂಟ್ ಡ್ರೈವ್ ಯಾವುದು ಎಂದು ಮತ್ತೆ ಆರಿಸಿ. ತುಂಬಾ ಹಿಂದೆ ಹಾಕಿದ ವಿಂಡೋಸ್ ಆದರೆ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಬಯೋಸ್‌ನಲ್ಲಿರುವ ಸೆಟ್ಟಿಂಗ್) ಆನ್ ಮಾಡಬೇಕಾಗಬಹುದು.

ಇಷ್ಟಾದ ಮೇಲೆ 5600 ಹಾಕಿ. ಮೊದಲ ಸಲ ಪರದೆ ಬರಲು ಒಂದೆರಡು ನಿಮಿಷ ಹಿಡಿಯಬಹುದು, ನಡುವೆ ತಾನಾಗಿ ಆಫ್ ಆಗಿ ಆನ್ ಆದರೂ ಸುಮ್ನೆ ಕಾಯಿರಿ. ಅದು ಸರಿಯಾದ ಮೇಲೆ ರ‍್ಯಾಮ್, ಅದೂ ಸರಿಯಾದ ಮೇಲೆ 3060. ಒಂದೊಂದಕ್ಕೂ ಒಂದೊಂದು ಸಲ ಆನ್ ಮಾಡಿ ನೋಡಿ. ಮೂರನ್ನೂ ಒಂದೇ ದಿನ ಹಾಕಿದ್ದರಿಂದಲೇ ಯಾವುದು ತೊಂದರೆ ಕೊಟ್ಟಿತು ಎಂದು ಅಂಗಡಿಯವರಿಗೂ ತಿಳಿಯಲಿಲ್ಲ.

ಹಳೆಯ ಭಾಗಗಳಲ್ಲೂ ಪರದೆ ಬರದಿದ್ದರೆ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ಲೈಟ್‌ಗಳಿವೆಯಾ ನೋಡಿ. ಯಾವುದು ಉರಿದು ಹಾಗೇ ನಿಲ್ಲುತ್ತದೆ ಎಂದು ಬರೆಯಿರಿ, ಜೊತೆಗೆ ಬೋರ್ಡ್ ಮೇಲೆ ಅಚ್ಚಾಗಿರುವ ಪೂರ್ತಿ ಮಾಡೆಲ್ ಹೆಸರು. ಅದಕ್ಕೆ ಯಾವ ಬಯೋಸ್ ಹೊಂದುತ್ತದೆ ಎಂದು ಹುಡುಕಿ ಇಲ್ಲೇ ಹೇಳುತ್ತೇನೆ.