ಹಸಿರು ಲೇಸರು ಮತ್ತು ಇಳಿಯೋ ವಿಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಸರ್, ನಮ್ಮ ಮನೆ ದೇವನಹಳ್ಳಿ ಹತ್ರ, ಮೇಲ್ಗಡೆನೇ ವಿಮಾನ ಇಳಿಯೋಕೆ ಹೋಗ್ತಿರ್ತವೆ. ಏಳನೇ ಕ್ಲಾಸ್ ಓದೋ ಮಗ ಜಾತ್ರೇಲಿ ಹಸಿರು ಲೇಸರ್ ಲೈಟ್ ತಗೊಂಡು ರಾತ್ರಿ ಟೆರೇಸಿಂದ ವಿಮಾನಕ್ಕೆ ಬಿಡ್ತಾನೆ. ಪಕ್ಕದ್ಮನೆಯೋರು ಪೊಲೀಸ್ ಬರ್ತಾರೆ ಅಂತಾರೆ. ಪೆನ್ನಿನಷ್ಟಿರೋ ಲೈಟಿಂದ ಅಷ್ಟು ದೊಡ್ಡ ವಿಮಾನಕ್ಕೆ ಏನಾಗುತ್ತೆ?
– ಒಬ್ಬ ತಂದೆ, ದೇವನಹಳ್ಳಿ

ಉತ್ತರ: ವಿಮಾನಕ್ಕೆ ಏನೂ ಆಗಲ್ಲ, ಆಗೋದು ಪೈಲಟ್ ಕಣ್ಣಿಗೆ. ದಯವಿಟ್ಟು ಆ ಲೈಟನ್ನ ಇವತ್ತೇ ಅವನ ಕೈಯಿಂದ ಇಸ್ಕೊಳ್ಳಿ, ಆಮೇಲೆ ಮುಂದಕ್ಕೆ ಓದಿ.

ಗೋಡೆ ಮೇಲೆ ಚುಕ್ಕಿ ಥರ ಕಾಣೋ ಬೆಳಕು ದೂರ ಹೋಗ್ತಾ ಅಗಲ ಆಗುತ್ತೆ, ಸಾಮಾನ್ಯ ಪಾಯಿಂಟರ್‌ದು 1 ಕಿ.ಮೀ. ದೂರದಲ್ಲಿ ಹೆಚ್ಚುಕಮ್ಮಿ 1 ಮೀಟರ್, 3 ಕಿ.ಮೀ.ಗೆ 3 ಮೀಟರ್, ಅಂದ್ರೆ ಹುಡುಗ ಸರಿಯಾಗಿ ಗುರಿ ಇಡದಿದ್ರೂ ಪೈಲಟ್ ಕೂರೋ ಕಾಕ್‌ಪಿಟ್ಟಿಗೆ ತಾಗಬಹುದು. ತಾಗಿದ್ ತಕ್ಷಣ ಗಾಜಿನ ಮೇಲಿರೋ ಸಣ್ಣ ಗೀರು, ಧೂಳಲ್ಲಿ ಬೆಳಕು ಚದುರಿ ಗಾಜೆಲ್ಲ ಹಸಿರಾಗಿ ಹೊಳೆದು ಹೊರಗಿಂದು ಏನೂ ಕಾಣಲ್ಲ. ರಾತ್ರಿ ಪೈಲಟ್‌ಗಳು ಒಳಗಿನ ಲೈಟ್ ಕಮ್ಮಿ ಮಾಡ್ಕೊಂಡು ಕಣ್ಣನ್ನ ಕತ್ತಲಿಗೆ ಹೊಂದಿಸ್ಕೊಂಡಿರ್ತಾರೆ, ಅದೇ ಕಣ್ಣಿಗೆ ಇದು ಬಿದ್ರೆ ಬೆಳಕು ಹೋದ್ಮೇಲೂ ಒಂದಷ್ಟು ಹೊತ್ತು ಕಲೆ ಥರ ಏನೋ ಕಣ್ಮುಂದೆ ನಿಂತಿರುತ್ತೆ. ಹಸಿರೇ ಯಾಕೆ ಹೆಚ್ಚು ತೊಂದ್ರೆ ಅಂದ್ರೆ, ಅಷ್ಟೇ ಪವರ್ ಇರೋ ಕೆಂಪು ಲೇಸರ್‌ಗಿಂತ 532 ನ್ಯಾನೋಮೀಟರ್ ಅಲೆಯುದ್ದದ ಹಸಿರು ನಮ್ಮ ಕಣ್ಣಿಗೆ ಎಷ್ಟೋ ಪಟ್ಟು ಪ್ರಖರವಾಗಿ ಕಾಣುತ್ತೆ.

ಇನ್ನು ಟೈಮ್ ನೋಡಿ. ರನ್‌ವೇ ಇನ್ನೂ 6 ಕಿ.ಮೀ. ಇರುವಾಗ ವಿಮಾನ ನೆಲದಿಂದ ಸುಮಾರು 300 ಮೀಟರ್ ಮೇಲಿರುತ್ತೆ, ಸ್ಪೀಡು ಗಂಟೆಗೆ 250 ಕಿ.ಮೀ. ಆಸುಪಾಸು. ಐದು ಸೆಕೆಂಡ್ ಕಣ್ಣು ಕಾಣ್ಲಿಲ್ಲ ಅಂದ್ರೆ ಅಷ್ಟರಲ್ಲಿ ಸುಮಾರು 350 ಮೀಟರ್ ಮುಂದೆ ಹೋಗಿರುತ್ತೆ, ಹಿಂದೆ ನೂರೈವತ್ತು ಇನ್ನೂರು ಜನ ಕೂತಿರ್ತಾರೆ. ಇಬ್ಬರು ಪೈಲಟ್ ಇರೋದ್ರಿಂದ ಒಬ್ಬರು ಕಂಟ್ರೋಲ್ ಇನ್ನೊಬ್ಬರಿಗೆ ಕೊಟ್ಟು ಮುಖ ತಿರುಗಿಸ್ತಾರೆ, ಒಳಗಿನ ಲೈಟ್ ಜಾಸ್ತಿ ಮಾಡ್ತಾರೆ, ಕಣ್ಣು ಉಜ್ಜಲ್ಲ, ಎಟಿಸಿಗೆ (ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲ್ ರೂಮಿಗೆ) ಹೇಳ್ತಾರೆ. ಆದ್ರೆ ಇಬ್ಬರಿಗೂ ಒಟ್ಟಿಗೇ ಬಿದ್ರೆ?

ಇದು ಬರೀ ಹೆದರಿಕೆ ಮಾತಲ್ಲ. 2016ರ ಫೆಬ್ರವರಿಯಲ್ಲಿ ಲಂಡನ್ ಹೀಥ್ರೋದಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ವರ್ಜಿನ್ ಅಟ್ಲಾಂಟಿಕ್ ವಿಮಾನ, ಲೇಸರ್ ಬಿದ್ದು ಕೋ-ಪೈಲಟ್‌ಗೆ ಹುಷಾರಿಲ್ದಂಗಾಗಿ, ವಾಪಸ್ ಬಂದು ಇಳೀತು. ಅಮೆರಿಕದಲ್ಲಿ ಪೈಲಟ್‌ಗಳು 2023ರಲ್ಲಿ ಒಂದೇ ವರ್ಷ ಕೊಟ್ಟ ಲೇಸರ್ ದೂರು 13,304. ನಮ್ಮಲ್ಲೂ 2021ರ ದುರ್ಗಾಪೂಜೆಗೆ ಕೋಲ್ಕತ್ತಾದಲ್ಲಿ ಬುರ್ಜ್ ಖಲೀಫಾ ಮಾದರಿ ಪೆಂಡಾಲಿನ ಲೇಸರ್ ಶೋ ಬಗ್ಗೆ ಪೈಲಟ್‌ಗಳು ದೂರು ಕೊಟ್ಟು ಅದನ್ನ ನಿಲ್ಲಿಸಬೇಕಾಯ್ತು.

ಪೊಲೀಸ್ ವಿಚಾರಕ್ಕೆ ಬಂದ್ರೆ ಪಕ್ಕದ್ಮನೆಯೋರು ಹೇಳಿದ್ದು ಸರಿ. ಏರ್‌ಪೋರ್ಟ್ ಸುತ್ತ 5 ಕಿ.ಮೀ. ಒಳಗೆ ಪೈಲಟ್ ದಾರಿ ತಪ್ಪಿಸೋ ಬೆಳಕು ಹಾಕಬಾರದು ಅಂತ ಏರ್‌ಕ್ರಾಫ್ಟ್ ರೂಲ್ಸ್‌ನಲ್ಲೇ ಇದೆ, ಲೇಸರೂ ಅದ್ರಲ್ಲಿ ಬರುತ್ತೆ. ಹಾಗಂತ ನಮ್ಮನೆ 6 ಕಿ.ಮೀ. ದೂರ ಇದೆ ಅಂತ ಲೆಕ್ಕ ಹಾಕ್ಬೇಡಿ, ಬೆಳಕು ಅಲ್ಲೇ ನಿಲ್ಲಲ್ಲ. ಬ್ರಿಟನ್‌ನಲ್ಲಂತೂ ಹೀಗೆ ವಿಮಾನಕ್ಕೆ ಲೇಸರ್ ಬಿಟ್ರೆ 2018ರ ಕಾನೂನಿನ ಪ್ರಕಾರ ಐದು ವರ್ಷದವರೆಗೂ ಜೈಲು.

ಮಗನಿಗೆ ಬೈಯೋದಕ್ಕಿಂತ ಇದನ್ನೆಲ್ಲ ಕೂರಿಸಿ ಹೇಳಿ, ಅವನಿಗೆ ಗೊತ್ತಿರಲ್ಲ ಅಷ್ಟೆ. ಅವನ ಕಣ್ಣಿಗೂ ಅಪಾಯ ಇದೆ. ಅಗ್ಗದ ಹಸಿರು ಪಾಯಿಂಟರ್‌ಗಳಲ್ಲಿ ಎಷ್ಟೋ ಸಲ ಲೇಬಲ್ ಮೇಲೆ 5 ಮಿಲಿವ್ಯಾಟ್ ಅಂತಿದ್ರೂ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೂ ಸೋರುತ್ತೆ, ಹತ್ತಿರದಿಂದ ಬಿದ್ರೆ ರೆಟಿನಾ (ಕಣ್ಣೊಳಗೆ ಚಿತ್ರ ಮೂಡೋ ಪದರ) ಸುಡಬಹುದು.

ಪ್ರಶ್ನೆ: ಪೈಲಟ್‌ಗಳು ಲೇಸರ್ ತಡೆಯೋ ಕನ್ನಡಕ ಹಾಕ್ಕೊಂಡ್ರೆ ಮುಗೀತಲ್ವಾ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಂಥ ಕನ್ನಡಕ ಇವೆ ಕಣಮ್ಮ, ಆದ್ರೆ ಹಸಿರು ತಡೆಯೋ ಗಾಜು ಬೇರೆ ಹಸಿರನ್ನೂ ಮಂಕು ಮಾಡಬಹುದು, ರನ್‌ವೇ ಶುರುವಾಗೋ ಜಾಗದಲ್ಲಿರೋ ಸಾಲುದೀಪ ಹಸಿರೇ, ಕಾಕ್‌ಪಿಟ್ ಸ್ಕ್ರೀನಲ್ಲೂ ಹಸಿರು ಅಕ್ಷರ ಇರ್ತವೆ. ಮೇಲಾಗಿ ಲೇಸರ್ ನೀಲಿ, ಕೆಂಪಲ್ಲೂ ಬರುತ್ತೆ, ಒಂದೇ ಕನ್ನಡಕ ಎಲ್ಲದಕ್ಕೂ ಆಗಲ್ಲ. ಅದಕ್ಕೇ ನೆಲದಿಂದ ಲೇಸರ್ ಬಿಡೋದನ್ನೇ ನಿಲ್ಲಿಸೋದು ಸರಿಯಾದ ದಾರಿ. ಯಾರಾದ್ರೂ ವಿಮಾನಕ್ಕೆ ಲೇಸರ್ ಬಿಡ್ತಿರೋದು ಕಂಡ್ರೆ 112ಕ್ಕೆ ಫೋನ್ ಮಾಡಿ, ಯಾವ ಏರಿಯಾ, ಯಾವ ಬಿಲ್ಡಿಂಗ್, ಎಷ್ಟು ಹೊತ್ತಿಗೆ ಅಂತ ಹೇಳಿ.