ಧಾರಾವಾಹಿಯ ನಾಯಕಿ ತನ್ನ ಪ್ರೇಮಿಯನ್ನು ಕಳೆದುಕೊಂಡ ನಂತರದ ಬದುಕನ್ನು ಅಭಿಮಾನಿಯಾಗಿ ಬರೆಯುವ ಕಥೆಯಲ್ಲಿ ನಂಬುವಂತೆ ಬರೆಯುವುದು ಹೇಗೆ?

ಅಳುವಿನಿಂದ ಶುರು ಮಾಡಬೇಡಿ. ಅವನಿಲ್ಲದೆ ಅವಳ ದಿನಚರಿ ಎಲ್ಲಿ ತಡವರಿಸುತ್ತದೆ ಎಂಬಲ್ಲಿಂದ ಶುರು ಮಾಡಿ: ಅವನೇ ಕಟ್ಟುತ್ತಿದ್ದ ಬಿಲ್ಲು, ಅಳಿಸಲಾಗದ ಅವನ ಫೋನ್ ನಂಬರು. (ಖಾಲಿ ಕುರ್ಚಿಯ ಚಿತ್ರ ಬಳಸಿ ಬಳಸಿ ಸವೆದುಹೋಗಿದೆ, ಅದನ್ನು ಬಿಡಿ.)

ದುಃಖ ದಿನದಿಂದ ದಿನಕ್ಕೆ ಒಂದೇ ಸಮನೆ ಇಳಿಯುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದಂತೆ, ಮನಸ್ಸು ಅಗಲಿಕೆಯ ನೋವಿಗೂ ಮುಂದಿನ ಬದುಕಿನ ಕೆಲಸಗಳಿಗೂ ನಡುವೆ ಓಲಾಡುತ್ತದೆ. ಹಾಗಾಗಿ ಒಂದೇ ದೃಶ್ಯದಲ್ಲಿ ಅವಳು ನಗಬಹುದು, ನಕ್ಕೆನಲ್ಲಾ ಎಂದೇ ಕುಸಿಯಬಹುದು.

ಕಥೆ ಕೆಡುವುದು ಎರಡನೇ ಅಧ್ಯಾಯದಲ್ಲೇ ಹೊಸ ಪ್ರೇಮಿಯನ್ನು ತಂದಾಗ. ಮೊದಲು ಯಾವ ಪ್ರೇಮಿಗೂ ಸಂಬಂಧವೇ ಇಲ್ಲದ ಒಂದು ಬಯಕೆಯನ್ನು ಅವಳಿಗೆ ಕೊಡಿ. ಆರಂಭದ ಕಂತುಗಳನ್ನು ಮತ್ತೆ ನೋಡಿ. ಅವಳು ಆಸೆಪಟ್ಟು ಅರ್ಧಕ್ಕೆ ಕೈಬಿಟ್ಟದ್ದು ಏನಾದರೂ ಅಲ್ಲೇ ಸಿಕ್ಕೀತು.