ಡಿಸ್ಟ್ರಿಬ್ಯೂಟರ್‌ಶಿಪ್ ನಿಲ್ಲಿಸಿದ ಕಂಪನಿಯಿಂದ ಏನನ್ನು ಕೇಳಬಹುದು

ಪುಣೆ ಮಾರ್ಕೆಟ್ ಯಾರ್ಡ್ ಬಳಿ ಅಂಗಡಿ ಇರುವ ನಮ್ಮ ಸದಸ್ಯರು ಕೇಳಿದ್ದಾರೆ: ಒಪ್ಪಂದದಲ್ಲಿ 30 ದಿನಗಳ ನೋಟಿಸ್ ಎಂದಿದ್ದರೂ, ಬೆಂಗಳೂರಿನ ಸ್ಪ್ರೇಯರ್ ಕಂಪನಿಯೊಂದು ಒಂದೇ ಇಮೇಲ್‌ನಲ್ಲಿ ಡಿಸ್ಟ್ರಿಬ್ಯೂಟರ್‌ಶಿಪ್ ರದ್ದು ಮಾಡಿದೆ, ಡಿಪಾಸಿಟ್ ಕೊಟ್ಟಿಲ್ಲ, ಗೋದಾಮಿನಲ್ಲಿ ಮಾಲು ಉಳಿದಿದೆ; ಮಹಾರಾಷ್ಟ್ರದ ಯಾವ ಕಾನೂನು ನೆರವಿಗೆ ಬರುತ್ತದೆ?

ವಿತರಕರಿಗೆಂದೇ ಇಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯೇ ಆಧಾರ. ರಾಜ್ಯದ ಕಾನೂನು ಮುಖ್ಯವಾಗಿ ಎದುರಾಗುವುದು ಸ್ಟಾಂಪ್ ಶುಲ್ಕದಲ್ಲಿ. ಶುಲ್ಕ ಕಡಿಮೆಯಿದ್ದರೆ, ಬಾಕಿಯನ್ನೂ ದಂಡವನ್ನೂ ಕಟ್ಟುವವರೆಗೆ ಒಪ್ಪಂದ ಪತ್ರ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು.

ಡಿಸ್ಟ್ರಿಬ್ಯೂಟರ್‌ಶಿಪ್ ಮರಳಿ ಪಡೆಯುವ ಆಸೆಯನ್ನು ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಮೃತಸರ ಗ್ಯಾಸ್ ಸರ್ವಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 30 ದಿನಗಳ ನೋಟಿಸ್ ಕೊಟ್ಟು ಮುಗಿಸಬಹುದಾದ ವಿತರಣೆಯನ್ನು ಮರುಸ್ಥಾಪಿಸಲಾಗದು, ನೋಟಿಸ್ ಅವಧಿಯ ಗಳಿಕೆಯಷ್ಟೇ ಪರಿಹಾರ ಎಂದಿತು. ನಿಮ್ಮ ಕರಾರಿನ ಷರತ್ತೂ ಅದೇ ಆಗಿರುವುದರಿಂದ, ಸುಮಾರು ಒಂದು ತಿಂಗಳ ಮಾರ್ಜಿನ್, ಡಿಪಾಸಿಟ್, ಬರಬೇಕಾದ ಸ್ಕೀಮ್ (ಮಾರಾಟದ ಪ್ರೋತ್ಸಾಹ ಹಣ) ಮತ್ತು ಕ್ರೆಡಿಟ್ ನೋಟ್‌ಗಳ (ಕಂಪನಿ ನಿಮ್ಮ ಖಾತೆಗೆ ಜಮಾ ಮಾಡಬೇಕಾದ ಮೊತ್ತದ ಚೀಟಿ) ಲೆಕ್ಕವನ್ನು ಬಿಗಿಯಾಗಿ ಹಿಡಿಯಿರಿ. ಕಂಪನಿ ಕಳಿಸುವ ಬ್ಯಾಲೆನ್ಸ್ ಕನ್ಫರ್ಮೇಶನ್ (ಲೆಕ್ಕದ ಬಾಕಿಯನ್ನು ದೃಢೀಕರಿಸುವ) ಪತ್ರದ ಕೆಳತುದಿಯಲ್ಲಿ ‘ಬೇರಾವ ಬಾಕಿಯೂ ಇಲ್ಲ’ ಎಂಬರ್ಥದ ಒಂದು ಸಾಲು ಅಡಗಿರುವುದುಂಟು. ಅದನ್ನು ಹೊಡೆದುಹಾಕದೆ, ನಿಮ್ಮ ಬಾಕಿಗಳನ್ನು ಪಕ್ಕದಲ್ಲೇ ಬರೆಯದೆ ಸಹಿ ಮಾಡಬೇಡಿ.

ಮಾಲನ್ನು ಕಂಪನಿ ಮರಳಿ ಪಡೆಯಲೇಬೇಕೇ ಎಂಬುದು ಒಪ್ಪಂದದ ಮಾತು. ಬಿಲ್ ಮೇಲೆ ಕೊಂಡ ಅಸಲಿ ಮಾಲನ್ನು, ಒಪ್ಪಂದ ತಡೆಯದಿದ್ದರೆ, ನೀವು ಮಾರಬಹುದು. ಆದರೆ ‘ಅಧಿಕೃತ ವಿತರಕರು’ ಎಂಬ ಬೋರ್ಡನ್ನು ಇಳಿಸಿಬಿಡಿ.

ಆರ್ಬಿಟ್ರೇಶನ್ (ನ್ಯಾಯಾಲಯದ ಬದಲು ಖಾಸಗಿ ತೀರ್ಪುಗಾರರ ಮುಂದೆ ವಿಚಾರಣೆ) ಷರತ್ತು ಇದ್ದರೆ ದಾರಿ ಅದೇ, ಮತ್ತು ಆ ತೀರ್ಪುಗಾರರಾದ ಆರ್ಬಿಟ್ರೇಟರನ್ನು ಕಂಪನಿಯೊಂದೇ ನೇಮಿಸುತ್ತೇನೆಂದರೆ ನೀವು ಆಕ್ಷೇಪಿಸಬಹುದು. ಆರ್ಬಿಟ್ರೇಶನ್ ಷರತ್ತು ಇಲ್ಲದಿದ್ದರೆ 3 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ದಾವೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ; ತುರ್ತು ತಡೆಯಾಜ್ಞೆ ಬೇಡದ ದಾವೆಗೆ ಮೊದಲು ರಾಜಿ ಮಧ್ಯಸ್ಥಿಕೆ (ಮೀಡಿಯೇಶನ್) ಕಡ್ಡಾಯ. ‘ಬೆಂಗಳೂರು ನ್ಯಾಯಾಲಯ ಮಾತ್ರ’ ಎಂದು ಬರೆದಿದ್ದರೆ, ವ್ಯವಹಾರದ ಒಂದು ಭಾಗ ಅಲ್ಲೂ ನಡೆದಿರುವುದರಿಂದ, ಆ ಷರತ್ತು ಸಾಮಾನ್ಯವಾಗಿ ನಿಲ್ಲುತ್ತದೆ. ಮರುಮಾರಾಟಕ್ಕೆ ಕೊಂಡವರಿಗೆ ಗ್ರಾಹಕ ಆಯೋಗದಲ್ಲಿ ಜಾಗವಿಲ್ಲ. ತಮ್ಮ ಬಳಿ ಉದ್ಯಮ್ ನೋಂದಣಿಯಿದೆ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಅದರಿಂದ ಬಾಕಿ ವಸೂಲಿ ಆಗುತ್ತದೆಯೇ ಎಂದು ಗುಂಪಿನಲ್ಲೊಬ್ಬರು ಬರೆದಿದ್ದಾರೆ. ವ್ಯಾಪಾರಿಗಳಿಗೆ ಅದು ಬ್ಯಾಂಕ್ ಸಾಲದ ಆದ್ಯತೆಗಷ್ಟೇ, ಬಾಕಿ ವಸೂಲಿಗಲ್ಲ.

ಕರಾರು ಮುರಿದ ದಿನದಿಂದ ದಾವೆಗೆ 3 ವರ್ಷಗಳ ಕಾಲಮಿತಿ. ಒಪ್ಪಂದದ ಫೋಟೋವನ್ನು ಈ ಗುಂಪಿಗೆ ಹಾಕಬೇಡಿ, ವಕೀಲರಿಗೆ ತೋರಿಸಿ.